ಬಹುಜನ ಹಿತ ಮತ್ತು ಒಂದು ಮಗು

ನಮ್ಮ ಕಡೆಯ ಮಾತಿನಲ್ಲಿ 'ಮದ್ದು' ಎಂಬ ಶಬ್ದಕ್ಕೆ ಎರಡು ಅರ್ಥ. ಜ್ವರ ಬಂದವನಿಗೆ ಕುಡಿಸುವುದೂ ಮದ್ದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲದಂತೆ ಬಿಡುವ ಸುಣ್ಣ-ಮೈಲುತುತ್ತಿನ ದ್ರಾವಣವೂ ಮದ್ದು. ಮಲಯಾಳದಲ್ಲೂ ಹಾಗೆಯೇ. 'ಮರುನ್ನ್' ಎಂದರೆ ಔಷಧಿಯೂ ಹೌದು, ಬೆಳೆಗೆ ಹೊಡೆಯುವ ಕೀಟನಾಶಕವೂ ಹೌದು. ಆದುದರಿಂದ ಗುಡ್ಡೆಯ ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ನಾವು ಎರಡು ಭಾಷೆಯವರೂ ಅದನ್ನು ಮದ್ದೆಂದೇ ಕರೆದೆವು. ವಿಷ ಎಂಬ ಶಬ್ದ ನಾಲಗೆಗೆ ಬರಲು ಬಹಳ ಕಾಲ ಹಿಡಿಯಿತು.

ಇದನ್ನು ಬರೆಯಲು ನನಗೊಂದು ಕಾರಣವಿದೆ. ಬಹುಜನರ ಒಳಿತಿಗಾಗಿ ಏನೂ ತಪ್ಪು ಮಾಡದ ಕೆಲವರಿಗೆ ಕೆಡುಕಾದರೆ ಅದನ್ನು ಒಪ್ಪಬಹುದೇ ಎಂಬ ಪ್ರಶ್ನೆಯನ್ನು ಪುಸ್ತಕದಲ್ಲಿ ಓದಿದವನು ನಾನಲ್ಲ. ಅದನ್ನು ನನಗೆ ಕೇಳಿದವಳು ಒಬ್ಬ ತಾಯಿ, ನನ್ನ ಮನೆಯ ಜಗಲಿಯಲ್ಲಿ ಕುಳಿತು. ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈ ಲೇಖನ ಆ ಉತ್ತರದ ಹುಡುಕಾಟ ಎಂದು ಓದುಗರು ತಿಳಿಯಬೇಕು.

1981ರಲ್ಲಿ ನಾನು ಕಾಸರಗೋಡಿನ ಉತ್ತರದ ಒಂದು ಗುಡ್ಡಗಾಡು ಊರಿನ ಕನ್ನಡ ಶಾಲೆಗೆ ಮಾಸ್ತರನಾಗಿ ಸೇರಿದೆ. ಶಾಲೆ ಇದ್ದದ್ದು ಕಣಿವೆಯಲ್ಲಿ; ಸುತ್ತ ಅಡಿಕೆ ತೋಟ, ಮೇಲಿನ ಗುಡ್ಡೆಯಲ್ಲಿ ಸರಕಾರಿ ಗೇರು ತೋಟ. ಗೇರು ಹೂ ಬಿಡುವ ಕಾಲಕ್ಕೆ ಹೆಲಿಕಾಪ್ಟರ್ ಬರುತ್ತಿತ್ತು. ವರ್ಷಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ. ಬಸ್ಸು ಕಾಣಬೇಕಾದರೂ ಮೂರು ಮೈಲು ನಡೆಯಬೇಕಾಗಿದ್ದ ಮಕ್ಕಳಿಗೆ ಅದು ಜಾತ್ರೆಯ ತೇರಿಗಿಂತ ದೊಡ್ಡ ಸೋಜಿಗ. ಶಬ್ದ ಕೇಳಿದ್ದೇ ತಡ, ಪಾಠ ನಿಲ್ಲುತ್ತಿತ್ತು. ಮಕ್ಕಳನ್ನು ಸಾಲಾಗಿ ಮೈದಾನಕ್ಕೆ ಕರೆದೊಯ್ದು ನಾನೇ ತೋರಿಸುತ್ತಿದ್ದೆ. "ನೋಡಿ, ನಮ್ಮ ಗುಡ್ಡೆಯ ಗೇರುಬೀಜ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಅದರಿಂದ ದೇಶಕ್ಕೆ ಹಣ ಬರುತ್ತದೆ" ಎಂದು ವಿವರಿಸುತ್ತಿದ್ದೆ. ಬಿಳಿಯ ತುಂತುರು ಗಾಳಿಗೆ ವಾಲಿ ನಮ್ಮ ಕಡೆಗೂ ಬರುತ್ತಿತ್ತು. ಮಕ್ಕಳು ಕೈ ಬೀಸುತ್ತಿದ್ದರು. ನಾನೂ ಬೀಸಿದ್ದೇನೆ.

ಗೇರು ತೋಟದಲ್ಲಿ ನನ್ನ ಅಣ್ಣನಿಗೆ ಕೆಲಸವಿತ್ತು. ಮದ್ದು ಬಿಡುವ ದಿನಗಳಲ್ಲಿ ನೀರಿಗೆ ಅದನ್ನು ಬೆರೆಸಿಕೊಡುವ ಗುಂಪಿನಲ್ಲಿ ಅವನೂ ಇರುತ್ತಿದ್ದ. ಅಪ್ಪ ಬೇಗ ತೀರಿಕೊಂಡ ಮನೆ ನಮ್ಮದು. ನಾನು ಟೀಚರ್ಸ್ ಟ್ರೈನಿಂಗ್ ಮುಗಿಸಿದ್ದು ಅಣ್ಣನ ಸಂಬಳದಿಂದ. ಹಾಗಾಗಿ ಈ ಕಥೆಯಲ್ಲಿ ನಾನು ದೂರ ನಿಂತು ನೋಡಿದವನಲ್ಲ. ಆ ಅನ್ನ ಉಂಡವನು.

* * *

ವಿಷಯದ ಹಿನ್ನೆಲೆಯನ್ನು ಈ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೂ ಕಿರಿಯರಿಗಾಗಿ ನಾಲ್ಕು ಮಾತು. ಕಾಸರಗೋಡಿನ ಗುಡ್ಡೆಗಳಲ್ಲಿ ಸುಮಾರು 4,600 ಹೆಕ್ಟೇರ್ ಸರಕಾರಿ ಗೇರು ತೋಟವಿತ್ತು. ಗೇರಿನ ಚಿಗುರು-ಹೂಗಳ ರಸ ಹೀರಿ ಒಣಗಿಸುವ ಟೀ ಸೊಳ್ಳೆಯ ಕಾಟಕ್ಕೆ ಎಂಡೋಸಲ್ಫಾನ್ ಮದ್ದಾಯಿತು. 1970ರ ದಶಕದ ಉತ್ತರಾರ್ಧದಿಂದ 2000ದ ಡಿಸೆಂಬರ್ ತನಕ ಅದನ್ನು ಆಕಾಶದಿಂದಲೇ ಸುರಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳಿಂದ ಹಿಡಿದು ದಕ್ಷಿಣದ ಪುಲ್ಲೂರು-ಪೆರಿಯ, ಕಯ್ಯೂರು-ಚೀಮೇನಿಯವರೆಗೆ ಹನ್ನೊಂದು ಪಂಚಾಯತುಗಳು ಮುಂದೆ ಸಂತ್ರಸ್ತ ಪ್ರದೇಶಗಳೆಂದು ಗುರುತಾದವು. ಉತ್ತರದವು ಕನ್ನಡ-ತುಳುವಿನ ಊರುಗಳು, ದಕ್ಷಿಣದವು ಮಲಯಾಳದ ಊರುಗಳು. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳಿಗೂ ಇದೇ ಮದ್ದು ಬಿತ್ತು. ಭಾಷೆ, ಗಡಿ ಒಂದೂ ಅದನ್ನು ತಡೆಯಲಿಲ್ಲ.

ಮದ್ದು ಬಿಡುವ ಮೊದಲು ಬಾವಿಗಳನ್ನು ಮುಚ್ಚಿಡಬೇಕು, ದನಗಳನ್ನು ಹೊರಗೆ ಬಿಡಬಾರದು ಎಂಬ ಸೂಚನೆ ಇತ್ತು. ನಮ್ಮ ಊರನ್ನು ಕಂಡವರು ಈ ಸೂಚನೆಯನ್ನು ಬರೆದಿರಲಾರರು. ಇಲ್ಲಿ ಬಾವಿಗಿಂತ ಸುರಂಗಗಳು ಹೆಚ್ಚು. ಗುಡ್ಡೆಯ ಮುರಕಲ್ಲಿನ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಒಸರುವ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಮನೆಯಂಗಳದ ತೊಟ್ಟಿಗೋ ಮಣ್ಣಿನ ಕೆರೆಗೋ ಬೀಳುತ್ತದೆ. ಮಿಕ್ಕ ನೀರು ತೋಡಿಗೆ. ಬಾವಿಗೆ ಓಲೆಯ ತಟ್ಟಿ ಮುಚ್ಚಬಹುದು. ತೋಡಿಗೆ ಏನು ಮುಚ್ಚುವುದು? ಗುಡ್ಡೆಗೆ ಏನು ಮುಚ್ಚುವುದು? ಗೇರು ತೋಟ ಇರುವುದೇ ಗುಡ್ಡೆಯ ನೆತ್ತಿಯಲ್ಲಿ, ಮನೆಗಳು ಇರುವುದು ಅದರ ಕಾಲ ಬುಡದಲ್ಲಿ.

1980ರ ಆಸುಪಾಸಿನಲ್ಲೇ ಪಡ್ರೆಯ ಪತ್ರಕರ್ತ ಶ್ರೀ ಪಡ್ರೆಯವರು ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದರ ಬಗ್ಗೆ ಬರೆದರು. ಆ ಮೇಲೆ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಹುಟ್ಟಿನಿಂದಲೇ ಬಂದ ವೈಕಲ್ಯ, ಕ್ಯಾನ್ಸರ್ ಇವು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ ಎಚ್ಚರಿಸಿದರು. ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮನವರು ಕೋರ್ಟಿಗೆ ಹೋಗಿ ಆ ಭಾಗದಲ್ಲಿ ಸಿಂಪಡಣೆಗೆ ತಡೆ ತಂದರು. ಈ ಹೋರಾಟದಲ್ಲಿ ಕನ್ನಡಿಗರು, ಮಲಯಾಳಿಗಳು ಎಂಬ ಭೇದ ಉಳಿಯಲಿಲ್ಲ. ಅಂಬಿಕಾಸುತನ್ ಮಾಂಗಾಡ್ ಅವರು ನಮ್ಮ 'ಎಣ್ಮಕಜೆ'ಯ ಹೆಸರನ್ನೇ ಇಟ್ಟು ಮಲಯಾಳದಲ್ಲಿ ಕಾದಂಬರಿ ಬರೆದರು.

2011ರ ಏಪ್ರಿಲಿನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ಲೋಕದಿಂದಲೇ ತೆಗೆಯುವ ಪಟ್ಟಿಗೆ ಸೇರಿಸಿತು. ನಮ್ಮ ದೇಶ ಮೊದಲು ವಿರೋಧಿಸಿತು. ಇದು ಅಗ್ಗದ ಮದ್ದು, ಬಡ ರೈತರಿಗೆ ಬೇಕು ಎಂಬುದು ವಾದ. ಅದೇ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆ ಹಾಕಿತು.

* * *

ಆ ತಾಯಿ ಬಂದದ್ದು ಇದೇ ಕಾಲದಲ್ಲಿ. ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸುವ ವೈದ್ಯಕೀಯ ಶಿಬಿರಗಳು ನಡೆಯುತ್ತಿದ್ದವು. ಮಗನಿಗಾಗಿ ಒಂದು ಅರ್ಜಿಯನ್ನು ಮಲಯಾಳದಲ್ಲಿ ಬರೆದುಕೊಡಬೇಕೆಂದು ಆಕೆ ನನ್ನಲ್ಲಿಗೆ ಬಂದಿದ್ದಳು. ಆಕೆಯ ಹಿರಿಯ ಮಗಳು ನನ್ನ ಶಿಷ್ಯೆ; ಮೈದಾನದ ಸಾಲಿನಲ್ಲಿ ಕೈ ಬೀಸಿದವರಲ್ಲಿ ಒಬ್ಬಳು. ಮಗ ಆ ಮೇಲೆ ಹುಟ್ಟಿದವನು. ಆಗ ಅವನಿಗೆ ಇಪ್ಪತ್ತು ದಾಟಿತ್ತು. ನಡೆಯಲಾರ, ಮಾತಿಲ್ಲ, ತುತ್ತು ಬಾಯಿಗಿಡಬೇಕು. ಎತ್ತಿ ಮೀಯಿಸುವುದಕ್ಕೆ ತಾಯಿಗೆ ತ್ರಾಣ ಸಾಲುತ್ತಿರಲಿಲ್ಲ.

ಅರ್ಜಿ ಬರೆದು ಮುಗಿಸಿದೆ. ಆಕೆ ಏಳಲಿಲ್ಲ. ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಷ್ಟ್ರೇ, ಆಗ ಹೆಲಿಕಾಪ್ಟರ್ ಬಂದಾಗ ಮಕ್ಕಳನ್ನು ಹೊರಗೆ ಕರೆದು ತೋರಿಸುತ್ತಿದ್ದಿರಲ್ಲ. ನಿಮಗೆ ಗೊತ್ತಿತ್ತಾ?"

"ಇಲ್ಲಮ್ಮ, ದೇವರಾಣೆ ಗೊತ್ತಿರಲಿಲ್ಲ. ಅದರಿಂದ ತುಂಬ ಜನರಿಗೆ ಕೆಲಸ ಇತ್ತಲ್ಲ, ದೇಶಕ್ಕೆ ಒಳ್ಳೆಯದೆಂದು ತಿಳಿದಿದ್ದೆ."

"ಒಳ್ಳೆಯದೇ ಇರಬಹುದು. ಆದರೆ ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂತು ಎಂದು ಹೇಳುವಷ್ಟು ಮೆಲ್ಲಗೆ ಹೇಳಿದಳು.

ಆ ಹುಡುಗನ ಸ್ಥಿತಿ ಮದ್ದಿನಿಂದಲೇ ಆಯಿತೆಂದು ನಾನು ಹೇಳಲಾರೆ, ನಾನು ವೈದ್ಯನಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಮದ್ದು ಬೀಳದ ಮೀಂಜದ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಕಲಿಕೆಯ ತೊಂದರೆಗಳೂ ಹುಟ್ಟು ವೈಕಲ್ಯಗಳೂ ಪಡ್ರೆಯಲ್ಲಿ ಹೆಚ್ಚೆಂದು 2002ರಲ್ಲಿ ವರದಿ ಕೊಟ್ಟಿತು. ಸಂಬಂಧವಿಲ್ಲ ಎಂದ ಸಮಿತಿಯೂ ಇದೆ. ಈ ರೋಗಗಳೆಲ್ಲ ಎಂಡೋಸಲ್ಫಾನಿನಿಂದ ಬಂದವೇ ಎಂದು ಈಗಲೂ ವಾದಿಸುವ ವಿದ್ವಾಂಸರಿದ್ದಾರೆ. ಆ ವಾದದ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಆಕೆ ಕೇಳಿದ ಮಾತು ಆ ವಾದದ ತೀರ್ಪಿಗಾಗಿ ಕಾಯುವುದಿಲ್ಲ. ಕೀಟವನ್ನು ಕೊಲ್ಲುವ ವಸ್ತುವನ್ನು ಮನುಷ್ಯರಿರುವ ಕಣಿವೆಯ ಮೇಲೆ ಸುರಿಯುವಾಗ ಅಪಾಯವಿರಬಹುದೆಂಬುದು ಸುರಿಯುವವರಿಗೆ ತಿಳಿದಿತ್ತು. ತಿಳಿಯದಿದ್ದರೆ ಬಾವಿ ಮುಚ್ಚಲು ಏಕೆ ಹೇಳಿದರು?

* * *

'ಅತ್ಯಧಿಕ ಜನರ ಅತ್ಯಧಿಕ ಸುಖ'ವೇ ನೀತಿಯ ಅಳತೆಗೋಲು ಎಂಬ ವಾದವನ್ನು ಇಂಗ್ಲೆಂಡಿನ ಜೆರೆಮಿ ಬೆಂಥಾಮ್ ಪ್ರಸಿದ್ಧಗೊಳಿಸಿದ. ಕೇಳುವಾಗ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ರಾಜರಿಗೂ ಜಮೀನ್ದಾರರಿಗೂ ಮಾತ್ರ ಲೆಕ್ಕವಿದ್ದ ಕಾಲದಲ್ಲಿ ಕೂಲಿಯವನ ಸುಖವನ್ನೂ ಒಂದು ಎಂದು ಎಣಿಸಿದ್ದು ದೊಡ್ಡ ಮಾತೇ ಸರಿ. ಆದರೆ ಗಾಂಧೀಜಿಗೆ ಇದು ಒಪ್ಪಿಗೆಯಾಗಲಿಲ್ಲ. 1908ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ರಸ್ಕಿನ್ನನ ಪುಸ್ತಕವನ್ನು ಗುಜರಾತಿಯಲ್ಲಿ ಸಂಗ್ರಹಿಸಿ 'ಸರ್ವೋದಯ' ಎಂಬ ಹೆಸರಿಟ್ಟರು. ಹೆಚ್ಚು ಜನರ ಸುಖಕ್ಕಾಗಿ ಕಡಿಮೆ ಜನರಿಗೆ ದುಃಖವಾದರೂ ಚಿಂತೆಯಿಲ್ಲ ಎಂಬ ಪಡುವಣದ ವಿಚಾರವನ್ನು ಅವರು ಅಲ್ಲೇ ಟೀಕಿಸಿದರು. ಬಹುಜನರ ಉದಯವಲ್ಲ, ಸರ್ವರ ಉದಯ.

ಇದಕ್ಕೆ ಲೋಕಾನುಭವಿಗಳು ನಗುತ್ತಾರೆ. "ಸರ್ವರಿಗೂ ಒಳ್ಳೆಯದಾಗುವ ಕೆಲಸ ಯಾವುದಿದೆ ಸ್ವಾಮಿ? ರಸ್ತೆ ಮಾಡಿದರೆ ಯಾರದೋ ಅಂಗಳ ಹೋಗುತ್ತದೆ. ಲೆಕ್ಕ ಹಾಕಲೇಬೇಕು" ಎನ್ನುತ್ತಾರೆ. ಮಾತು ನಿಜ. ನನ್ನ ಅಣ್ಣನೂ ಹೀಗೆಯೇ ಹೇಳುತ್ತಿದ್ದ.

1967ರಲ್ಲಿ ಫಿಲಿಪ್ಪಾ ಫುಟ್ ಎಂಬ ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞೆ ಒಂದು ಉದಾಹರಣೆ ಕೊಟ್ಟಳು. ನಿಲ್ಲಿಸಲಾಗದ ಟ್ರಾಮ್ ಬಂಡಿ ಓಡುತ್ತಿದೆ. ಎದುರಿನ ಹಳಿಯಲ್ಲಿ ಐದು ಮಂದಿ ಕೆಲಸಗಾರರು, ಪಕ್ಕದ ಹಳಿಯಲ್ಲಿ ಒಬ್ಬ. ಚಾಲಕ ಬಂಡಿಯನ್ನು ಪಕ್ಕದ ಹಳಿಗೆ ತಿರುಗಿಸಬಹುದು. ತಿರುಗಿಸಬೇಕೇ? ಆ ಮೇಲೆ ಲೋಕದ ವಿದ್ವಾಂಸರೆಲ್ಲ ಈ ಬಂಡಿ ಹತ್ತಿದರು. ನಾನು ಇದನ್ನು ಓದಿದಾಗ ನಮ್ಮ ಗುಡ್ಡೆಯನ್ನು ನೆನೆದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು.

ಚಾಲಕನಿಗೆ ಇರುವುದು ಕ್ಷಣ ಮಾತ್ರ. ನಮ್ಮವರಿಗೆ ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳಿದ್ದವು. ಪ್ರತಿ ವರ್ಷವೂ ಕುಳಿತು ಯೋಚಿಸಬಹುದಿತ್ತು. ಚಾಲಕನಿಗೆ ಹಳಿಗಳು ಎರಡೇ. ಇಲ್ಲಿ ನೆಲದಲ್ಲಿ ನಿಂತು ಸಿಂಪಡಿಸುವ ಹಾದಿ ಇತ್ತು, ಬೇರೆ ಮದ್ದಿನ ಹಾದಿ ಇತ್ತು, ಒಂದಿಷ್ಟು ಬೆಳೆ ಹೋಗಲಿ ಎಂದು ಬಿಡುವ ಹಾದಿಯೂ ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿ ತಕ್ಕಡಿಯ ಒಂದು ಕಡೆ ಐದು ಜೀವ, ಇನ್ನೊಂದು ಕಡೆ ಒಂದು ಜೀವ. ಇಲ್ಲಿ ಒಂದು ಕಡೆ ಮಗು, ಇನ್ನೊಂದು ಕಡೆ ಗೇರುಬೀಜ. 'ಬಹುಜನ ಹಿತ' ಎಂದು ದೊಡ್ಡ ಹೆಸರು ಹೊತ್ತು ಬಂದ ಚೀಲವನ್ನು ಬಿಚ್ಚಿ ನೋಡಿದರೆ ಒಳಗಿದ್ದದ್ದು ಟೀ ಸೊಳ್ಳೆಯಿಂದ ನಷ್ಟವಾಗಬಹುದಾಗಿದ್ದ ಬೆಳೆ. ಅದು ಅಲ್ಪವೆಂದು ನಾನು ಹೇಳುವುದಿಲ್ಲ. ಅದರ ಅನ್ನ ಉಂಡಿದ್ದೇನೆ. ಆದರೆ ಜೀವದ ಎದುರು ತೂಗಲು ಅದು ಸಾಲದು.

ಬಹುಜನ ಹಿತದ ಹೆಸರು ಕೇಳಿದಾಗ ಚೀಲ ಬಿಚ್ಚಿ ನೋಡಬೇಕು. ಇದು ನಾನು ಕಲಿತ ಮೊದಲ ಪಾಠ.

* * *

ನಮ್ಮ ನಾಡು ತಾಳಮದ್ದಳೆಯ ನಾಡು. ಪಾರ್ತಿಸುಬ್ಬನ ಕುಂಬಳೆಯ ಆಸುಪಾಸಿನಲ್ಲಿ ಹುಟ್ಟಿದವನಿಗೆ ಧರ್ಮಸೂಕ್ಷ್ಮದ ಪಾಠವಾಗುವುದು ಮಳೆಗಾಲದ ರಾತ್ರಿ ಅರ್ಥಧಾರಿಗಳ ಎದುರು ಕುಳಿತು. ಬಕಾಸುರನ ಕಥೆ ಯಾರಿಗೆ ಗೊತ್ತಿಲ್ಲ? ಏಕಚಕ್ರದ ಜನ ರಾಕ್ಷಸನೊಡನೆ ಒಪ್ಪಂದ ಮಾಡಿಕೊಂಡಿದ್ದರು. ಸರದಿಯಂತೆ ಒಂದೊಂದು ಮನೆಯಿಂದ ಬಂಡಿ ತುಂಬ ಅನ್ನ, ಜತೆಗೊಬ್ಬ ಮನುಷ್ಯ. ಊರು ಉಳಿಯಲು ಒಂದು ಜೀವ. ಇದೂ ಬಹುಜನ ಹಿತದ ಲೆಕ್ಕವೇ. ಚಿಕ್ಕಂದಿನಲ್ಲಿ ಇದೆಂಥ ಕ್ರೂರ ಊರು ಎಂದುಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತದೆ, ಏಕಚಕ್ರದವರು ನಮಗಿಂತ ನ್ಯಾಯವಂತರು. ಅಲ್ಲಿ ಸರದಿ ಇತ್ತು. ಇಂದು ನೆರೆಮನೆಯವನ ಪಾಳಿಯಾದರೆ ನಾಳೆ ನನ್ನದು. ಪಾಂಡವರು ತಂಗಿದ್ದ ಬ್ರಾಹ್ಮಣನ ಮನೆಗೆ ಸರದಿ ಬಂದಾಗ ಗಂಡ ನಾನು ಹೋಗುತ್ತೇನೆಂದ, ಹೆಂಡತಿ ನಾನೆಂದಳು, ಮಗಳು ನಾನೆಂದಳು, ತೊದಲು ಮಾತಿನ ಮಗು ಹುಲ್ಲುಕಡ್ಡಿ ಹಿಡಿದು ರಾಕ್ಷಸನನ್ನು ನಾನೇ ಕೊಲ್ಲುತ್ತೇನೆಂದಿತು. ಕುಂತಿ ಕಳುಹಿಸಿದ್ದು ತನ್ನ ಮಗನನ್ನು. ಯಾರೂ ಇನ್ನೊಬ್ಬನನ್ನು ಮುಂದೆ ತಳ್ಳಲಿಲ್ಲ.

ನಮ್ಮ ಗುಡ್ಡೆಗೆ ಸರದಿ ಇರಲಿಲ್ಲ. ಪ್ರತಿ ವರ್ಷವೂ ಅದೇ ಕಣಿವೆ, ಅದೇ ತೋಡು. ತೀರ್ಮಾನ ಮಾಡುವವರ ಮನೆಯ ಬಾವಿ ಇಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ.

ಇನ್ನೊಂದು ಕಥೆ ನಮ್ಮ ಕನ್ನಡದ್ದೇ: 'ಕೆರೆಗೆ ಹಾರ'. ಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಜೋಯಿಸರು ಸೊಸೆಯ ಬಲಿ ಹೇಳಿದರು. ಕೆರೆಗೆ ನೀರು ಬಂದರೆ ಊರಿಗೆಲ್ಲ ಒಳಿತು, ಇದರಲ್ಲಿ ಸುಳ್ಳಿಲ್ಲ. ಆದರೆ ಯಾವ ಸೊಸೆ? ಹಿರಿಯ ಸೊಸೆ ಹೋದರೆ ಮನೆ ನಡೆಸುವವರಾರು ಎಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಆಕೆಯ ಗಂಡ ದಂಡಿನಲ್ಲಿದ್ದ. ಮನೆಯಲ್ಲಿ ಅವಳ ಪರವಾಗಿ ಮಾತನಾಡುವವರು ಇರಲಿಲ್ಲ. ಈ ಹಾಡನ್ನು ಶಾಲೆಯಲ್ಲಿ ಪಾಠ ಮಾಡುವಾಗ ತ್ಯಾಗದ ಕಥೆ ಎಂದು ನಾನು ಬಹುಕಾಲ ಹೇಳಿದೆ. ತ್ಯಾಗವೆಂದರೆ ತಾನಾಗಿ ಕೊಡುವುದು. ಪುಣ್ಯಕೋಟಿ ಹುಲಿಯ ಬಳಿಗೆ ತಾನಾಗಿ ಮರಳಿದ್ದು ತ್ಯಾಗ. ಭಾಗೀರಥಿಯ ವಿಷಯದಲ್ಲಿ ಊರು ಮೊದಲೇ ತೀರ್ಮಾನ ಮಾಡಿಯಾಗಿತ್ತು. ಅದಕ್ಕೆ ತ್ಯಾಗದ ಹೆಸರು ಕೊಟ್ಟದ್ದು ನೀರು ಕುಡಿದವರು.

ಬಲಿಯಾಗುವವರನ್ನು ಹೀಗೆಯೇ ಆರಿಸುತ್ತಾರೆ. ಯಾರು ಮಾತನಾಡಲಾರರೋ, ಯಾರ ಮಾತು ಕೇಳಬೇಕಾದವರ ಕಿವಿಗೆ ತಲುಪುವುದಿಲ್ಲವೋ ಅವರತ್ತ ಬೊಟ್ಟು ತಾನಾಗಿ ತಿರುಗುತ್ತದೆ. ಕಾಸರಗೋಡಿನ ಕನ್ನಡಿಗರಾದ ನಮಗೆ ಇದು ಹೊಸ ಮಾತಲ್ಲ. ರಾಜ್ಯದ ತುತ್ತತುದಿಯಲ್ಲಿದ್ದೇವೆ. ತುಳುವಿನಲ್ಲಿ ನೋಯುತ್ತೇವೆ, ಕನ್ನಡದಲ್ಲಿ ಹೇಳುತ್ತೇವೆ, ಅದು ಮಲಯಾಳಕ್ಕೆ ತಿರುಗಿ ತಿರುವನಂತಪುರ ತಲುಪುವಾಗ ನೋವಿನ ಅರ್ಧ ದಾರಿಯಲ್ಲೇ ಸೋರಿರುತ್ತದೆ. ಆದರೆ ಭಾಷೆಯೊಂದನ್ನೇ ಕಾರಣವೆಂದರೆ ಅಪಚಾರವಾದೀತು. ಚೀಮೇನಿಯ ಮಲಯಾಳಿ ಕೂಲಿಯವನ ಕೂಗೂ ಬೇಗ ತಲುಪಲಿಲ್ಲ. ಬಡತನಕ್ಕೆ ಎಲ್ಲ ಭಾಷೆಯಲ್ಲೂ ದನಿ ಸಣ್ಣದು. ಇನ್ನು ಹೊಟ್ಟೆಯಲ್ಲಿರುವ ಮಗುವಿಗೆ ಯಾವ ಭಾಷೆ?

* * *

ಹಾಗಾದರೆ ಯಾರಿಗೂ ಕೆಡುಕಾಗಬಹುದಾದ ಯಾವ ಕೆಲಸವನ್ನೂ ಮಾಡಬಾರದೇ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ಪೋಲಿಯೋ ಹನಿಯ ಉದಾಹರಣೆ ನೋಡೋಣ. ಬಾಯಿಗೆ ಹಾಕುವ ಹನಿಯಲ್ಲಿ ಬಲಗುಂದಿಸಿದ ಜೀವಂತ ವೈರಸ್ ಇರುತ್ತದೆ. ಹತ್ತಾರು ಲಕ್ಷಕ್ಕೊಂದರಂತೆ, ಅತಿ ಅಪರೂಪವಾಗಿ, ಆ ಹನಿಯಿಂದಲೇ ಮಗುವಿಗೆ ಪೋಲಿಯೋ ತರಹದ ಪಾರ್ಶ್ವವಾಯು ಬರುವುದುಂಟು. ಆ ಒಂದು ಮಗುವೂ ನಿರಪರಾಧಿಯೇ. ಆದರೂ ಆ ಕಾರ್ಯಕ್ರಮವನ್ನು ಅನ್ಯಾಯವೆಂದು ಹೇಳಲು ನನಗೆ ಮನಸ್ಸು ಬಾರದು. ಶಾಲೆಯ ಮಾಸ್ತರನಾಗಿ ನಾನೂ ಹನಿ ಹಾಕುವ ಭಾನುವಾರಗಳಲ್ಲಿ ಬೂತಿನಲ್ಲಿ ಕುಳಿತವನು.

ವ್ಯತ್ಯಾಸವೆಲ್ಲಿ? ಹನಿ ತಗೊಂಡ ಮಗುವೇ ರೋಗದಿಂದ ರಕ್ಷಣೆ ಪಡೆಯುತ್ತದೆ. ಅಪಾಯವೂ ಪ್ರಯೋಜನವೂ ಒಂದೇ ಬಾಯಿಗೆ. ಮಂತ್ರಿಯ ಮಗುವೂ ಅದೇ ಹನಿ ತಗೊಳ್ಳುತ್ತದೆ, ಕೂಲಿಯವನ ಮಗುವೂ ಅದೇ. ಅಂದರೆ ಏಕಚಕ್ರದ ಸರದಿ ಇಲ್ಲಿದೆ. ತಾಯಿ ತಾನಾಗಿ ಮಗುವನ್ನು ಬೂತಿಗೆ ತರುತ್ತಾಳೆ. ಬೇಡವೆಂದ ಮನೆಗಳಿಗೆ ನಾವು ಹೋಗಿ ಅಂಗಲಾಚಿದ್ದೇವೆ, ಆಕಾಶದಿಂದ ಹನಿ ಸುರಿಯಲಿಲ್ಲ. ರೋಗ ಹಿಮ್ಮೆಟ್ಟಿದ ಮೇಲೂ ವೈದ್ಯರು ಸುಮ್ಮನಿರಲಿಲ್ಲ. 2015-16ರಲ್ಲಿ ಚುಚ್ಚುಮದ್ದನ್ನು ಸೇರಿಸಿ, ಹನಿಯಲ್ಲಿದ್ದ ಮೂರು ಬಗೆಯ ವೈರಸ್ಸುಗಳಲ್ಲಿ ಒಂದನ್ನು ತೆಗೆದು, ಆ ಅಪರೂಪದ ಅಪಾಯವನ್ನೂ ಇನ್ನಷ್ಟು ಕುಗ್ಗಿಸಲು ನೋಡಿದರು. ಕೆಡುಕಾಗಬಹುದಾದ ಒಂದು ಮಗುವನ್ನು ಅವರು ಮರೆಯಲಿಲ್ಲ.

ಇಷ್ಟು ಯೋಚಿಸಿದ ಮೇಲೆ ನನಗೆ ತೋರುವುದು ಹೀಗೆ. ಕೆಡುಕು ಎಷ್ಟು ಜನರಿಗೆ, ಒಳಿತು ಎಷ್ಟು ಜನರಿಗೆ ಎಂಬ ಲೆಕ್ಕಕ್ಕೆ ಕೂರುವ ಮೊದಲೇ ಕೇಳಬೇಕಾದ ಮಾತುಗಳಿವೆ. ಲೆಕ್ಕ ಹಾಕುವವನ ಮನೆಗೂ ಸರದಿ ಉಂಟೇ? ಕೆಡುಕಾಗಬಹುದಾದವರನ್ನು ಕೇಳಿದ್ದಾರೆಯೇ, ಬೇಡ ಎನ್ನುವ ಹಕ್ಕು ಅವರಿಗಿತ್ತೇ? ಬೇರೆ ಹಾದಿ ಹುಡುಕಿದ್ದಾರೆಯೇ? ಸಂಶಯ ಬಂದಾಗ ಅದರ ಹೊರೆ ಯಾರ ತಲೆಗೆ ಬಿತ್ತು? ಈ ಕೊನೆಯ ಮಾತು ನಮ್ಮ ಜಿಲ್ಲೆಗೆ ಬಹಳ ಸಲ್ಲುತ್ತದೆ. ಸುರಿಯುವ ಮೊದಲು ಇದು ನಿರಪಾಯಕಾರಿ ಎಂದು ಸಾಬೀತು ಮಾಡಿ ಎಂದು ಸುರಿದವರನ್ನು ಯಾರೂ ಒತ್ತಾಯಿಸಲಿಲ್ಲ. ಮಲಗಿದಲ್ಲೇ ಇರುವ ಹುಡುಗನ ತಾಯಿ ಮಾತ್ರ ಶಿಬಿರದಿಂದ ಶಿಬಿರಕ್ಕೆ ಅವನನ್ನು ಹೊತ್ತು ಸಾಬೀತು ಮಾಡಬೇಕಾಯಿತು.

* * *

ಅಣ್ಣ ಈಗಿಲ್ಲ. ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ಈ ಮಾತು ನಮ್ಮಲ್ಲಿ ಬಂದಿತ್ತು. ನಾನು ಸ್ವಲ್ಪ ಬಿರುಸಾಗಿಯೇ ಆಡಿದೆನೆಂದು ತೋರುತ್ತದೆ.

ಅಣ್ಣ ತಾಂಬೂಲ ಉಗುಳಿ ಬಂದು ಹೇಳಿದ: "ಆಗ ನಮ್ಮ ಮನೆಯಲ್ಲಿ ಏನಿತ್ತು, ತಮ್ಮ? ಆ ಕೆಲಸ ಬಿಟ್ಟಿದ್ದರೆ ನೀನು ಮಾಷ್ಟ್ರಾಗುತ್ತಿದ್ದೆಯಾ? ಮದ್ದು ಬೆರೆಸಿದ್ದು ನನ್ನ ಕೈ. ಆ ಕೈಯಲ್ಲಿ ನಿನಗೆ ಪುಸ್ತಕ ತಂದುಕೊಟ್ಟದ್ದು."

ನನ್ನಲ್ಲಿ ಉತ್ತರವಿರಲಿಲ್ಲ. ಕೈಗವಸಿಲ್ಲದೆ ಮದ್ದು ಬೆರೆಸಿದ ಅಣ್ಣನೂ ಲೆಕ್ಕ ಹಾಕಿದವರ ಸಾಲಿನವನಲ್ಲ, ಲೆಕ್ಕದೊಳಗೆ ಬಿದ್ದವರ ಸಾಲಿನವನೇ. ಅವನನ್ನು ಅಪರಾಧಿಯೆನ್ನಲು ನನಗೆ ಬಾಯಿ ಬಾರದು. ಆದರೆ ಅಪರಾಧ ಬೇರೆ, ಋಣ ಬೇರೆ. ಗೊತ್ತಿಲ್ಲದೆ ಇನ್ನೊಬ್ಬನ ಬುತ್ತಿ ಉಂಡವನು ಕಳ್ಳನಲ್ಲ. ಗೊತ್ತಾದ ಮೇಲೂ ಉಂಡಿಲ್ಲವೆಂದರೆ ಕಳ್ಳ.

ಈ ಋಣದ ಮಾತಿನಲ್ಲಿ ನಮ್ಮ ಸರಕಾರಗಳು ಬಹಳ ನಿಧಾನ. 2010ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಲು ಹೇಳಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡುವಾಗ 3,700ಕ್ಕೂ ಮಿಕ್ಕಿದ ಸಂತ್ರಸ್ತರಲ್ಲಿ ಆ ಹಣ ಸಿಕ್ಕಿದ್ದು ಎಂಟು ಮಂದಿಗೆ. ಅದೂ ಕೋರ್ಟಿನ ಬಾಗಿಲು ತಟ್ಟಿದ ಎಂಟು ಮಂದಿಗೆ. ಆ ಬಳಿಕ ಹಣ ಬಿಡುಗಡೆಯಾಯಿತು, ಬಹಳ ಮನೆಗಳಿಗೆ ತಲುಪಿತು. ತಲುಪುವ ಮೊದಲೇ ಹೋದವರು ಹೋದರು.

'ಪರಿಹಾರ' ಎಂಬ ಶಬ್ದವೂ ನಮ್ಮನ್ನು ದಾರಿ ತಪ್ಪಿಸುತ್ತದೆ, 'ಮದ್ದು' ತಪ್ಪಿಸಿದ ಹಾಗೆ. ಸಮಸ್ಯೆ ಬಗೆಹರಿಯುವುದಕ್ಕೂ ಪರಿಹಾರವೆನ್ನುತ್ತೇವೆ, ನಷ್ಟಕ್ಕೆ ಕೊಡುವ ಹಣಕ್ಕೂ ಪರಿಹಾರವೆನ್ನುತ್ತೇವೆ. ಹಣ ಕೊಟ್ಟಾಗ ಬಗೆಹರಿಯಿತು ಎಂದು ತೋರುವುದು ಅದಕ್ಕೇ. ಋಣ ಎಂದರೆ ಹಾಗಲ್ಲ. ಅದು ಕೊಡುವವನ ಔದಾರ್ಯವಲ್ಲ, ಬಾಕಿ. ಪಡೆಯುವವನು ಕೈಯೊಡ್ಡಬೇಕಾಗಿಲ್ಲ, ಕೊಡಬೇಕಾದವನೇ ಮನೆ ಬಾಗಿಲಿಗೆ ಹೋಗಬೇಕು. ಬಹುಜನರ ಹಿತಕ್ಕಾಗಿ ನಡೆಯಿತು ಎನ್ನುವುದಾದರೆ ಬಾಕಿಯೂ ಬಹುಜನರದೇ. ಗೇರುಬೀಜದ ಸಂಬಳದಲ್ಲಿ ಓದಿದ ನನ್ನದೂ ಅದರಲ್ಲಿದೆ.

ಕಳೆದ ವರ್ಷ ಆ ಮನೆಗೆ ಹೋಗಿದ್ದೆ. ಮಗನಿಗೆ ಈಗ ಮೂವತ್ತು ದಾಟಿದೆ. ತಾಯಿಗೆ ಎಪ್ಪತ್ತರ ಹತ್ತಿರ. ನಾನು ಒಂದೆರಡು ಹಣ್ಣು ಕೊಂಡುಹೋಗಿದ್ದೆ. ಅವನ ತುಟಿಗೆ ಚಮಚ ಹಿಡಿಯುತ್ತಲೇ ಆಕೆ ಮಾತನಾಡಿದಳು. ಹಣ ಬಂತು, ಮನೆಯ ಮಾಡು ಸರಿ ಮಾಡಿಸಿದೆ, ಸಾಲ ತೀರಿತು ಎಂದಳು. ಆ ಮೇಲೆ, "ಮಾಷ್ಟ್ರೇ, ನಾನು ಹೋದ ಮೇಲೆ ಇವನಿಗೆ ಯಾರು ಊಟ ಮಾಡಿಸುತ್ತಾರೆ?" ಎಂದು ಕೇಳಿದಳು.

ಮೊದಲ ಸಲ ಕೇಳಿದಾಗ ದೇಶದ ಒಳಿತಿನ ಮಾತು ಆಡಿದ್ದೆ. ಈ ಸಲ ಅದನ್ನು ಆಡಲಿಲ್ಲ. ಚಮಚ ನನ್ನ ಕೈಗೆ ಕೊಡಿ ಎಂದೆ. ಅವನು ನನ್ನ ಮುಖ ನೋಡುತ್ತ ನಿಧಾನವಾಗಿ ಉಂಡ. ಅರ್ಧ ಬಟ್ಟಲಿಗೆ ನನ್ನ ಕೈ ಸೋತಿತು. ಆಕೆ ಇದನ್ನು ದಿನಕ್ಕೆ ಮೂರು ಹೊತ್ತು, ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿದ್ದಾಳೆ. ಬಹುಜನರ ಹಿತದ ಲೆಕ್ಕ ಬರೆಯುವವರು ಮೊದಲು ಆ ಚಮಚವನ್ನು ಒಂದು ಹೊತ್ತು ಹಿಡಿದು ನೋಡಲಿ ಎಂದು ನನ್ನ ಪ್ರಾರ್ಥನೆ. ಆಕೆಯ ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ಬಾಕಿ ಇದೆ.